ಅಮ್ಮನ ಇಲಿಗಳು

"ಏ ಫುಯುಕಾ, ನಿಮ್ಮಮ್ಮ ಇಲಿ ಸಾಯಿಸ್ತಾರಂತೆ, ಹೌದಾ?"

ಫುಯುಕಾ ಹ್ಯಾಮ್‌ಸ್ಟರ್ ಗೂಡಿನ ನೀರಿನ ಬಾಟಲಿ ತೊಳೆಯುತ್ತಿದ್ದಳು. ಐದನೇ ತರಗತಿಯ ಹ್ಯಾಮ್‌ಸ್ಟರನ್ನು ನೋಡಿಕೊಳ್ಳುವ ಸರದಿ ಈ ತಿಂಗಳು ಅವಳದು ಮತ್ತು ಅವಳ ಸಹಪಾಠಿ ಗೋತಾನದು.

"ಸುಳ್ಳು! ನಮ್ಮಮ್ಮ ಕ್ಯಾನ್ಸರ್‌ಗೆ ಔಷಧಿ ಕಂಡುಹಿಡಿಯೋದು."

"ಹೌದಮ್ಮ! ಆ ಔಷಧೀನ ಮೊದಲು ಯಾರಿಗೆ ಕೊಡ್ತಾರೆ? ನಿಂಗಾ? ನಮ್ಮಕ್ಕ ನಿಮ್ಮಮ್ಮನ ಯೂನಿವರ್ಸಿಟೀಲೇ ಓದ್ತಿರೋದು, ಅವಳೇ ಹೇಳಿದ್ಲು." ಗೋತಾ ಹ್ಯಾಮ್‌ಸ್ಟರನ್ನು ಎತ್ತಿ ಎದೆಗೆ ಒತ್ತಿಕೊಂಡ. "ರಜೇಲಿ ಇವನನ್ನ ನಿಮ್ಮನೆಗೆ ಮಾತ್ರ ಕಳಿಸಬಾರದಪ್ಪ!"

ಸಂಜೆ ಊಟಕ್ಕೆ ಕೂತಾಗ ಫುಯುಕಾ ಕೇಳಿಯೇಬಿಟ್ಟಳು. ಅಮ್ಮ 'ಇಲ್ಲ' ಎನ್ನಲಿ ಎಂದು ಅವಳ ಆಸೆ.

ಅಮ್ಮ ಊಟದ ಕಡ್ಡಿಗಳನ್ನು ಕೆಳಗಿಟ್ಟಳು. "ಹೌದು," ಎಂದಳು.

"ಎಷ್ಟು?"

"ಈ ವರ್ಷ ತೊಂಬತ್ತಾರು."

ಅಮ್ಮ ಇಷ್ಟು ಸರಿಯಾಗಿ ಲೆಕ್ಕ ಇಟ್ಟಿದ್ದಾಳೆ ಎಂಬುದೇ ಫುಯುಕಾಗೆ ಇನ್ನಷ್ಟು ಭಯ ಹುಟ್ಟಿಸಿತು. ಅರ್ಧ ಮೀನು ತಟ್ಟೆಯಲ್ಲೇ ಉಳಿಯಿತು.

ಮೂರು ದಿನ ಅಮ್ಮನ ಜೊತೆ ಮಾತಿಲ್ಲ. ಭಾನುವಾರ ಶಾಲೆಯ ಕ್ರೀಡಾಕೂಟ. ಅಮ್ಮ ಮಾಡಿ ತಂದಿದ್ದ ಅನ್ನದ ಉಂಡೆಯನ್ನೂ ಅವಳು ಅಪ್ಪನ ಕೈಯಿಂದಲೇ ತೆಗೆದುಕೊಂಡಳು.

ಅದರ ಬದಲಿಗೆ ಸೋಮವಾರ ಶಾಲೆಗೆ ರಜೆ. ಬೆಳಿಗ್ಗೆ ಅಮ್ಮ ಬಾಗಿಲ ಬಳಿ ಷೂ ಹಾಕಿಕೊಳ್ಳುತ್ತಿದ್ದಳು. ಮೈಮೇಲೆ ಕಪ್ಪು ಕೋಟು. ಸಾವಿನ ಮನೆಗೆ ಹೋಗುವಾಗ ಮಾತ್ರ ತೊಡುವ ಕೋಟು ಅದು.

"ಯಾರು ಸತ್ತೋದ್ರು?" ಫುಯುಕಾಳ ಬಾಯಿಂದ ಮಾತು ಜಾರಿತ್ತು.

"ನಮ್ಮ ಲ್ಯಾಬಿನ ಇಲಿಗಳು. ವರ್ಷಕ್ಕೊಂದು ದಿನ ಎಲ್ಲರೂ ಸೇರಿ ಅವಕ್ಕೆ ಹೂವು ಇಡ್ತೀವಿ. ಬರ್ತೀಯಾ? ಬಲವಂತ ಇಲ್ಲ."

ಟ್ರಾಮ್‌ನಲ್ಲಿ ಫುಯುಕಾ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು. ಎರಡು ಸ್ಟಾಪ್ ದಾಟಿದ ಮೇಲೆ ಕೇಳಿದಳು. "ಯಾಕೆ ಸಾಯಿಸ್ಬೇಕು?"

"ಬಿಸಿಲಿಗೆ ಹೋದ್ರೂ ಸಾಕು, ನಮ್ಮ ಡಿಎನ್‌ಎ ಅಲ್ಲಲ್ಲಿ ಕೆಡುತ್ತೆ. ಕೆಟ್ಟಿದ್ದನ್ನ ಜೀವಕೋಶಗಳೇ ರಿಪೇರಿ ಮಾಡ್ಕೊಳ್ತವೆ. ಕ್ಯಾನ್ಸರ್ ಕೋಶಾನೂ ಹಾಗೆ ರಿಪೇರಿ ಮಾಡ್ಕೊಂಡೇ ಬದುಕೋದು. ಆ ರಿಪೇರಿ ನಿಲ್ಲಿಸಿದ್ರೆ ಅದು ಸಾಯಬಹುದು. ಹತ್ತೊಂಬತ್ತು ವರ್ಷದಿಂದ ನಾನು ಮಾಡ್ತಿರೋದು ಇದೊಂದೇ ಕೆಲಸ."

"ಗಾಜಿನ ತಟ್ಟೇಲಿ ಕೋಶ ಬೆಳೆಸಿ ನೋಡಕ್ಕಾಗಲ್ವಾ?"

"ಮೊದಲು ಅಲ್ಲೇ ನೋಡೋದು. ಅದಕ್ಕೇ ವರ್ಷಕ್ಕೆ ಮುನ್ನೂರ ನಲವತ್ತು ಇಲಿ ಬೇಕಿದ್ದಿದ್ದು ತೊಂಬತ್ತಾರಕ್ಕೆ ಇಳಿದಿದೆ. ಆದ್ರೆ ಔಷಧಿ ಕ್ಯಾನ್ಸರನ್ನ ಮಾತ್ರ ಕೊಲ್ಲುತ್ತೋ, ಚೆನ್ನಾಗಿರೋ ಕರುಳನ್ನೂ ಕೆಡಿಸುತ್ತೋ, ಅದು ತಟ್ಟೇಲಿ ಪೂರ್ತಿ ಗೊತ್ತಾಗಲ್ಲ. ಇಲಿಯ ಮೈ ಒಳಗೇ ನೋಡ್ಬೇಕು."

"ಈಗ ಗೊತ್ತಾಯ್ತಾ?"

"ಬೇಸಿಗೆಯಿಂದ ಆಸ್ಪತ್ರೇಲಿ ಹನ್ನೊಂದು ಜನಕ್ಕೆ ಕೊಡ್ತಿದಾರೆ. ನಾಲ್ಕು ಜನರ ಗೆಡ್ಡೆ ಚಿಕ್ಕದಾಗಿದೆ."

"ಮಿಕ್ಕೋರದ್ದು?"

"ಇನ್ನೂ ಗೊತ್ತಿಲ್ಲ."

ಯೂನಿವರ್ಸಿಟಿ ಸ್ಟಾಪಿನಲ್ಲಿ ಇಬ್ಬರೂ ಇಳಿದರು.

ಲ್ಯಾಬಿನ ಪ್ರಾಣಿಗಳನ್ನು ಇಡುವ ಕಟ್ಟಡದ ಹಿಂದೆ, ಅವುಗಳ ನೆನಪಿಗೆ ನಿಲ್ಲಿಸಿದ ಸೊಂಟದೆತ್ತರದ ಒಂದು ಕಲ್ಲು. ಅದರ ಮುಂದೆ ಸುಮಾರು ನಲವತ್ತು ಜನ ಸಾಲಾಗಿ ನಿಂತಿದ್ದರು. ಪ್ರೊಫೆಸರುಗಳು, ವಿದ್ಯಾರ್ಥಿಗಳು, ಗೂಡು ತೊಳೆಯುವವರು. ಎಲ್ಲರ ಕೈಯಲ್ಲೂ ಒಂದೊಂದು ಬಿಳಿ ಸೇವಂತಿಗೆ. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಹೂವು ಹಂಚುತ್ತಿದ್ದ ಅಜ್ಜಿ ಫುಯುಕಾಳನ್ನು ನೋಡಿ ಬಗ್ಗಿದರು. ಇಪ್ಪತ್ತು ವರ್ಷದಿಂದ ಇಲ್ಲಿ ಗೂಡು ತೊಳೆಯುವ ಹೊಸೋಕಾವಾ ಅಜ್ಜಿ ಅವರು.

"ಡಾಕ್ಟ್ರ ಮಗಳಾ? ಅಯ್ಯೋ ಪುಟ್ಟಿ, ನಿಮ್ಮಮ್ಮಂದು ಬಲೇ ಕಾಟ ಕಣೇ! ಬೆಳಿಗ್ಗೆ ಏಳಕ್ಕೇ ಬಂದು 'ಹನ್ನೆರಡನೇ ಗೂಡಿಂದು ನೀರು ಕುಡೀತಾ? ಚಳಿ ಆಗ್ತಿಲ್ಲ ತಾನೇ?' ಅಂತ ನನ್ನ ಪ್ರಾಣ ತಿಂತಾರೆ."

"ಕೇಳಬೇಕಲ್ವಾ ಮತ್ತೆ," ಎಂದಳು ಅಮ್ಮ ಮೆಲ್ಲಗೆ.

"ಕೇಳಿ, ಕೇಳಿ. ನಾನೇನು ಬೇಡ ಅಂದ್ನಾ?" ಅಜ್ಜಿ ಒಂದು ಸೇವಂತಿಗೆಯನ್ನು ಫುಯುಕಾಳ ಮುಂದೆ ಹಿಡಿದರು. "ನೀನೂ ಇಡ್ತೀಯಾ?"

ಫುಯುಕಾ ಸ್ವಲ್ಪ ಹೊತ್ತು ಹೂವನ್ನೇ ನೋಡಿದಳು. ಆಮೇಲೆ ಕೈ ಚಾಚಿದಳು.

ಸಾಲು ನಿಧಾನವಾಗಿ ಮುಂದೆ ಸರಿಯಿತು. ಅವರ ಸರದಿ ಬಂತು. ಅಮ್ಮ ಹೂವು ಇಟ್ಟು ತಲೆ ಬಾಗಿಸಿದಳು. ಪಕ್ಕದಲ್ಲಿ ಫುಯುಕಾ ಕೂಡ ಬಾಗಿದಳು.

ಅವಳು ತಲೆ ಎತ್ತಿದಾಗ ಅಮ್ಮ ಇನ್ನೂ ಬಾಗಿಯೇ ಇದ್ದಳು. ತುಟಿ ಅಲುಗುತ್ತಿತ್ತು. ಏನು ಹೇಳುತ್ತಿದ್ದಾಳೆ ಎಂದು ಕೇಳಬೇಕೆನಿಸಿತು.

ಹಿಂದೆ ಇನ್ನೂ ಉದ್ದ ಸಾಲಿತ್ತು. ಯಾರೂ ಅವಸರ ಮಾಡಲಿಲ್ಲ.

ಅಮ್ಮನ ಕೋಟಿನ ಕಾಲರ್ ಕತ್ತಿನ ಹಿಂದೆ ಒಳಕ್ಕೆ ಮಡಚಿಕೊಂಡಿತ್ತು. ಫುಯುಕಾ ಕೈ ನೀಡಿ ಅದನ್ನು ಮೆಲ್ಲಗೆ ಸರಿಮಾಡಿದಳು.