ಬೆಲೆಚೀಟಿ ಹರಿದ ಟೋಪಿ

ಆಸ್ಟ್ರೇಲಿಯಾ ತೋರಿಸುತ್ತೇವೆಂದು ಜೆನಿಸಳನ್ನು ಕರೆಸಿಕೊಂಡ ಅವಳ ದೊಡ್ಡಪ್ಪನ ಮಗ ರೊನಾಲ್ಡ್ ಮತ್ತು ಅವನ ಹೆಂಡತಿ ಇಡಾ, ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿದ್ದ ತಮ್ಮ ಮನೆಯ ಅಡುಗೆ, ಬಟ್ಟೆ, ಮಗುವಿನ ಕೆಲಸವನ್ನೆಲ್ಲ ಅವಳಿಂದ ಮಾಡಿಸಿಕೊಂಡರು. ಸಂಬಳ ಕೊಡಲಿಲ್ಲ. ಅವಳ ಪಾಸ್‌ಪೋರ್ಟನ್ನು ಇಡಾ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಳು.

ಮೂರು ತಿಂಗಳಿಗೊಮ್ಮೆ ಆ ಬೀರು ತೆರೆಯುತ್ತಿತ್ತು.

ಜೆನಿಸಳದು ಒಂದು ವರ್ಷದ ಟೂರಿಸ್ಟ್ ವೀಸಾ. ಆದರೆ ಒಮ್ಮೆ ಒಳಬಂದರೆ ಮೂರು ತಿಂಗಳಿಗಿಂತ ಹೆಚ್ಚು ಉಳಿಯುವಂತಿಲ್ಲ. ಗಡಿ ದಾಟಿ ಹೊರಗೆ ಹೋಗಿ ಮತ್ತೆ ಬಂದರೆ ಇನ್ನೊಂದು ಮೂರು ತಿಂಗಳು. ಹಾಗೆ ಹೋಗಿ ಬರುವವರಿಗೆ ಫಿಜಿ ದೇಶ ಹತ್ತಿರವಿತ್ತು. ಭಾರತದ ಪಾಸ್‌ಪೋರ್ಟ್ ಹಿಡಿದು ಇಳಿದವರನ್ನು ಅದು ಹೆಚ್ಚು ಪ್ರಶ್ನೆ ಕೇಳದೆ ಒಳಗೆ ಬಿಟ್ಟುಕೊಳ್ಳುತ್ತಿತ್ತು.

ಅದು ಎರಡು ಸಾವಿರದ ಆರನೆಯ ಇಸವಿ. ಮೊದಲ ಸಲ ಫಿಜಿಗೆ ಹೊರಟಾಗ ಇಡಾ ಅವಳನ್ನು ಪ್ರವಾಸಿಯಂತೆ ಸಿಂಗರಿಸಿದ್ದಳು. ಹೂವಿನ ಅಂಗಿ, ಕೊರಳಿಗೆ ಕ್ಯಾಮೆರಾ, ತಲೆಗೆ ಅಗಲ ಅಂಚಿನ ಹುಲ್ಲಿನ ಟೋಪಿ. ವಾಪಸು ಬರುವಾಗ ಅಧಿಕಾರಿ ಕೇಳಿದರೆ ಹೇಳಬೇಕಾದ ಇಂಗ್ಲಿಷ್ ವಾಕ್ಯಗಳನ್ನೂ ಬಾಯಿಪಾಠ ಮಾಡಿಸಿದ್ದಳು. ನಾನು ರಜೆಗೆ ಬಂದವಳು. ಒಪೆರಾ ಹೌಸ್ ನೋಡಿದೆ, ತುಂಬ ಚೆನ್ನಾಗಿದೆ.

ಸಿಡ್ನಿ ವಿಮಾನ ನಿಲ್ದಾಣದ ಸಾಲಿನಲ್ಲಿ ಜೆನಿಸ್ ಅದನ್ನೇ ತುಟಿಯೊಳಗೆ ಒಪ್ಪಿಸಿಕೊಳ್ಳುತ್ತಿದ್ದಳು. ಆಗ ಹಿಂದಿನಿಂದ ಯಾರೋ ಟೋಪಿಗೆ ಕೈ ಹಾಕಿದರು. ಚಟ್ ಎಂದಿತು.

ಬೆಚ್ಚಿ ತಿರುಗಿದಳು. ಎತ್ತರದ, ಕುರುಚಲು ಗಡ್ಡದ ಹುಡುಗ. ಅವನ ಬೆರಳಲ್ಲಿ ಟೋಪಿಯ ಬೆಲೆಚೀಟಿ.

ಅವಳ ಕೊರಳ ಶಿಲುಬೆಯನ್ನೂ ಕೈಯಲ್ಲಿದ್ದ ಪಾಸ್‌ಪೋರ್ಟನ್ನೂ ನೋಡಿ ಅವನು ಇಂಗ್ಲಿಷಿನಲ್ಲಿ, ಚೀಟಿ ನೇತಾಡುತ್ತಿತ್ತು, ಅದಕ್ಕೇ ತೆಗೆದೆ ಎಂದ. ಜೆನಿಸಳಿಗೆ ಇಂಗ್ಲಿಷ್ ಮರೆತೇಹೋಯಿತು.

"ಎಂತ ಮಾಡಿದ್ದು ನೀವು? ಅದನ್ನು ಅಂಗಡಿಗೆ ವಾಪಸು ಕೊಡ್ಲಿಕ್ಕೆ ಉಂಟು!"

ಹುಡುಗ ಬಾಯಿ ತೆರೆದು ನಿಂತುಬಿಟ್ಟ. ಕನ್ನಡ ಕೇಳಿದ ಆಶ್ಚರ್ಯ ಒಂದು. ಎದುರಿಗಿದ್ದವಳ ಕಣ್ಣಲ್ಲಿ ನೀರು ತುಂಬಿದ್ದು ಇನ್ನೊಂದು.

ಒಂದು ಟೋಪಿಗೆ ಇಷ್ಟು ಅಳು ಏಕೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಪ್ರವಾಸ ಮುಗಿದ ಮೇಲೆ ಟೋಪಿ, ಅಂಗಿ ಎರಡನ್ನೂ ಬಳಸಿಯೇ ಇಲ್ಲವೆಂದು ಅಂಗಡಿಗೆ ಹಿಂದಿರುಗಿಸುವುದು ಇಡಾಳ ಲೆಕ್ಕಾಚಾರ. ಜೆನಿಸಳನ್ನು ಪ್ರವಾಸಿಯಾಗಿ ಮಾಡುವ ವಸ್ತುಗಳೂ ಅವಳವಾಗಿರಲಿಲ್ಲ.

ಅವನ ಹೆಸರು ಕಲ್ಲಯ್ಯ, ಗದಗಿನವನು. ಮೆಲ್ಬೋರ್ನ್‌ನಲ್ಲಿ ಓದು ಮುಗಿಸಿ ಪಿಆರ್‌ಗೆ, ಅಂದರೆ ಕಾಯಂ ಆಗಿ ನೆಲೆಸುವ ಹಕ್ಕಿಗೆ, ಅರ್ಜಿ ಹಾಕಿದ್ದ. ಅವನು ಹಾಕಿದ್ದ ಬಗೆಯ ಅರ್ಜಿಗೆ ಒಪ್ಪಿಗೆ ಸಿಗುವಾಗ ಅರ್ಜಿದಾರ ದೇಶದ ಹೊರಗಿರಬೇಕಿತ್ತು. ಅಲ್ಲಿಯವರೆಗೆ ಅವನೂ ಟೂರಿಸ್ಟ್, ಮೂರು ತಿಂಗಳಿಗೊಮ್ಮೆ ಸಿಡ್ನಿಯ ಮೇಲೆ ಫಿಜಿಗೆ ಹೋಗಿ ಬರಬೇಕಾದವನು. ಫುಟ್ಸ್‌ಕ್ರೇ ಎಂಬ ಬಡಾವಣೆಯಲ್ಲಿ ಗೆಳೆಯರ ಬಾಡಿಗೆ ಮನೆಯ ಹಜಾರದಲ್ಲಿ ಮಲಗುತ್ತಿದ್ದ. ರೆಂಟ್ ಕೊಡುವ ಬದಲು ಎಲ್ಲರಿಗೂ ಅಡುಗೆ ಮಾಡಿ ಬಡಿಸುತ್ತಿದ್ದ.

ಫಿಜಿಯ ನಾಂದಿ ಪಟ್ಟಣದ ಅಗ್ಗದ ವಸತಿಗೃಹದಲ್ಲಿ ಆ ಮೂರು ದಿನ ಇಬ್ಬರೂ ಮಾತಾಡಿದ್ದು ಬಹುಪಾಲು ಅಡುಗೆಯ ಬಗ್ಗೆ. ಅವಳ ಕನ್ನಡ ಪಠ್ಯಪುಸ್ತಕದಿಂದ ಎದ್ದು ಬಂದಂತಿದೆ ಎಂದು ಅವನು ಛೇಡಿಸಿದ. ನಿಮ್ಮದು ಜಗಳಕ್ಕೆ ಬಂದ ಹಾಗುಂಟು ಎಂದು ಅವಳು ತಿರುಗಿಸಿ ಕೊಟ್ಟಳು.

ಕೊನೆಯ ಸಂಜೆ ಅವನು ಅಧಿಕಾರಿಯಂತೆ ಮುಖ ಗಂಟಿಕ್ಕಿ ಅವಳಿಂದ ಪಾಠ ಒಪ್ಪಿಸಿಕೊಂಡ. ಎಲ್ಲ ಸರಿಯಾಗಿಯೇ ಹೇಳಿದಳು.

"ಒಪೆರಾ ಹೌಸ್ ಮುಂದ ನಿಂತ್ರ ಸೇತುವೆ ಯಾವ ಕಡಿಗೆ ಕಾಣ್ತೈತಿ?" ಎಂದು ಸುಮ್ಮನೆ ಕೇಳಿದ.

ಜೆನಿಸ್ ಎರಡು ಬೆರಳಿನ ನಡುವೆ ಸಣ್ಣ ಅಳತೆ ಹಿಡಿದಳು. "ನಾನು ನೋಡಿದ್ದು ಫ್ರಿಜ್ಜಿನ ಬಾಗಿಲಲ್ಲಿ. ಅಂಟಿಸಿದ್ದಾರೆ, ಇಷ್ಟು ಸಣ್ಣದು. ಅದರಲ್ಲಿ ಸೇತುವೆ ಇಲ್ಲ."

ಕಲ್ಲಯ್ಯ ನಗಲಿಲ್ಲ. ಅವನು ನಗಲಿಲ್ಲವಲ್ಲ ಎಂದೇ ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟಿತು...

ಬ್ಲ್ಯಾಕ್‌ಟೌನ್‌ಗೆ ಮರಳಿದ ಮೇಲೆ ಚೀಟಿಯಿಲ್ಲದ ಟೋಪಿಗಾಗಿ ಇಡಾ ವಾರವಿಡೀ ಬೈದಳು. ಕೊನೆಗೆ ಅದನ್ನು ಜೆನಿಸಳ ಹಾಸಿಗೆಯ ಮೇಲೆ ಎಸೆದು, ಇನ್ನು ನೀನೇ ಇಟ್ಟುಕೋ ಎಂದಳು. ಆ ಮನೆಯಲ್ಲಿ ಜೆನಿಸಳಿಗೆ ಸಿಕ್ಕ ಮೊದಲ ವಸ್ತು ಅದು.

ಅವಳ ದಿನಗಳು ಒಂದರ ಮೇಲೊಂದು ಮಡಚಿಟ್ಟ ಬಟ್ಟೆಯ ಹಾಗೆ. ಐದು ವರ್ಷದ ರಿಯಾನ್‌ಗೆ ಕೊಂಕಣಿಯಲ್ಲಿ ಕಥೆ ಹೇಳಿದರೆ ಅವನು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದ. ಭಾನುವಾರ ಚರ್ಚಿನಲ್ಲಿ, ಊರು ನೋಡಲು ಬಂದ ನಮ್ಮ ತಂಗಿ ಎಂದು ರೊನಾಲ್ಡ್ ಪರಿಚಯಿಸುತ್ತಿದ್ದ. ಏನೇನು ನೋಡಿದೆಯೆಂದು ಆಂಟಿಯರು ಕೇಳುತ್ತಿದ್ದರು. ಅವಳು ಬಾಯಿಪಾಠ ಒಪ್ಪಿಸುತ್ತಿದ್ದಳು. ಇಷ್ಟು ಜನರ ನಡುವೆ ನಿಂತು, ತನ್ನೂರು ಕಿನ್ನಿಗೋಳಿಯ ನರ್ಸರಿ ಶಾಲೆಯಲ್ಲಿ ಟೀಚರ್ ಎಂದು ಕರೆಸಿಕೊಳ್ಳುತ್ತಿದ್ದವಳು ನಾನೇ ಹೌದೇ ಎಂದು ಅನುಮಾನಪಡುತ್ತಿದ್ದಳು.

ಗುರುವಾರ ಮಾತ್ರ ಬೇರೆ. ರಿಯಾನ್‌ನನ್ನು ಶಾಲೆಗೆ ಬಿಟ್ಟು ಬರುವ ದಾರಿಯಲ್ಲಿ ಒಂದು ಸಾರ್ವಜನಿಕ ಫೋನಿನ ಗೂಡಿತ್ತು. ಅದರ ನಂಬರನ್ನು ಅವಳು ನಾಂದಿಗೆ ಹೋಗುವ ಮೊದಲೇ ಅದೇಕೋ ನೆನಪಿಟ್ಟುಕೊಂಡಿದ್ದಳು; ಬೇರೆ ಯಾವ ನಂಬರೂ ಅವಳದಾಗಿರಲಿಲ್ಲ. ನಾಂದಿಯಲ್ಲಿ ಕಲ್ಲಯ್ಯನಿಗೆ ಅದನ್ನೇ ಕೊಟ್ಟಿದ್ದಳು. ಗುರುವಾರ ಆ ಫೋನ್ ಬಡಿದುಕೊಳ್ಳುತ್ತಿತ್ತು. ಮೆಲ್ಬೋರ್ನ್‌ನಿಂದ ಕಲ್ಲಯ್ಯ, ಇವತ್ತು ಏನು ಅಡುಗೆ ಎಂದು ಕೇಳುತ್ತಿದ್ದ. ಅದನ್ನು ಹೇಳುತ್ತ ಹೇಳುತ್ತ ಅವಳು ಗೂಡಿನ ಗಾಜಿಗೆ ಹಣೆಯೊತ್ತಿ ನಿಂತಿರುತ್ತಿದ್ದಳು.

ಮುಂದಿನ ಸಲದ ಫಿಜಿಗೆ ಇಬ್ಬರೂ ಕೂಡಿಯೇ ಹೋದರು. ಎರಡನೆಯ ದಿನ ಕಲ್ಲಯ್ಯನ ಪಿಆರ್ ಬಂತು. ಅವನು ಕುಣಿದಾಡಿಬಿಟ್ಟ. ಜೆನಿಸಳೂ ನಕ್ಕಳು. ಆದರೆ ಒಳಗೆ ಏನೋ ಕುಸಿಯಿತು... ಇನ್ನು ಇವನು ಗಡಿ ದಾಟಬೇಕಾಗಿಲ್ಲ. ಇನ್ನು ಇಲ್ಲಿಗೆ ಒಬ್ಬಳೇ.

ನಾನಿದ್ದೇನೆ, ಮುಂದಿನದನ್ನು ನೋಡೋಣ ಎಂದು ಅವನು ಅವಳ ಕೈ ಹಿಡಿದು ಹೇಳಿದ. ಆ ಮಾತನ್ನೇ ಟೋಪಿಯೊಳಗಿಟ್ಟುಕೊಂಡವಳಂತೆ ಜೋಪಾನವಾಗಿ ಮರಳಿದಳು.

ಫುಟ್ಸ್‌ಕ್ರೇ ಮನೆಯಲ್ಲಿ ಹೋಳಿಗೆಯೂಟ ನಡೆಯಿತು. ಊಟದ ನಡುವೆ ಗೆಳೆಯ ಬದರಿನಾಥ ಕಲ್ಲಯ್ಯನ ಭುಜ ತಟ್ಟಿ, ಹುಷಾರು ಗುರು, ಟೂರಿಸ್ಟ್ ವೀಸಾದಲ್ಲಿರೋ ಹುಡುಗೀರಿಗೆ ನಿನಗಿಂತ ನಿನ್ನ ಪಿಆರ್ ಮುದ್ದಾಗಿ ಕಾಣುತ್ತೆ ಎಂದ. ಎಲ್ಲರೂ ನಕ್ಕರು. ಕಲ್ಲಯ್ಯನೂ ನಕ್ಕ. ಹೆಣ್ಣಿಗೆ ಕೊಡುವ ಬಂಗಾರವನ್ನು ತೂಗುವಂತೆ ಗಂಡಿನ ಪಿಆರ್ ತೂಗುವ ಜನರ ನಡುವೆ ಅವನು ನಾಲ್ಕು ವರ್ಷ ಬದುಕಿದ್ದ. ಆ ತಕ್ಕಡಿ ಅವನೊಳಗೂ ಇಳಿದಿತ್ತು.

ಆ ಗುರುವಾರ ಅವನು ಅಡುಗೆಯ ವಿಷಯ ಕೇಳಲಿಲ್ಲ.

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ನನಗ ಪಿಆರ್ ಬರದೆ ಇದ್ದಿದ್ರೂ ನೀ ನನ್ನ ಜೋಡಿ ಬರ್ತಿದ್ದೇನು?"

ಗೂಡಿನ ಗಾಜು ಅವಳ ಉಸಿರಿಗೆ ಮಂಜಾಯಿತು.

ಇವನೂ ನನ್ನ ಪಾಸ್‌ಪೋರ್ಟ್ ತೆರೆದು ನೋಡುತ್ತಿದ್ದಾನಲ್ಲ... ಯಾಕೆ ಬಂದೆ, ಎಷ್ಟು ದಿನ ಇರುತ್ತೀಯ, ನಿಜ ಹೇಳು ಎನ್ನುತ್ತಿದ್ದಾನಲ್ಲ...

"ನೀವು ಕೂಡ ಕೌಂಟರಿನ ಆಚೆಗೆ ಹೋಗಿ ಕೂತ್ರಿ ಅಲ್ವಾ?" ಎಂದಳು. ಫೋನ್ ಇಟ್ಟಳು.

ಆಮೇಲಿನ ಗುರುವಾರಗಳಲ್ಲೂ ಫೋನ್ ಬಡಿದುಕೊಂಡಿತು. ಅವಳು ಬೀದಿಯ ಆಚೆ ಬದಿಯಿಂದ ನಡೆದುಹೋದಳು. ಒಮ್ಮೆ ರಿಯಾನ್‌ಗೆ ಜ್ವರ ಬಂದು ಶಾಲೆಗೆ ಕಳಿಸಲಿಲ್ಲ. ಆದರೂ ಹಾಲಿನ ನೆಪ ಹೇಳಿ ಬಂದು, ದೂರದಲ್ಲಿ ನಿಂತು, ಅದು ಬಡಿದುಕೊಂಡು ಸುಮ್ಮನಾಗುವವರೆಗೂ ಕೇಳಿಸಿಕೊಂಡಳು.

ಮೂರನೆಯ ಸಲ ಬೀರು ತೆರೆಯಿತು. ಪಾಸ್‌ಪೋರ್ಟ್ ಕೊಡುತ್ತ ರೊನಾಲ್ಡ್ ಮುಂದಿನ ಏರ್ಪಾಡನ್ನೂ ತಿಳಿಸಿದ. ಈ ಸಲ ಬಂದು ಮೂರು ತಿಂಗಳಿದ್ದರೆ ವರ್ಷ ತುಂಬುತ್ತದೆ. ಊರಿಗೆ ಹೋಗಿ ಹೊಸ ವೀಸಾ ಹಾಕಿ ಮತ್ತೆ ಬರಬೇಕು. ಇಡಾ ಬಸುರಿ. ಎರಡನೆಯ ಮಗುವಿಗೂ ಜನ ಬೇಕಲ್ಲ! ನಿನ್ನ ಪಿಆರ್ ವಿಷಯ ನೋಡುತ್ತೇನೆ ಎಂಬ ಹಳೆಯ ಮಾತನ್ನು ಅವನು ಈ ಸಲ ಆಡಲೂ ಇಲ್ಲ.

ನಾಂದಿಯ ವಸತಿಗೃಹದ ಜಗಲಿಯಲ್ಲಿ ಜೆನಿಸ್ ಎರಡು ದಿನ ಸಮುದ್ರದ ಕಡೆ ನೋಡುತ್ತ ಕೂತಳು. ಇಡೀ ಲೋಕದಲ್ಲಿ ಅವಳು ಎಲ್ಲಿದ್ದಾಳೆಂದು ವಿಚಾರಿಸುವವರು ಯಾರೂ ಇಲ್ಲ. ಬೇಗ ಬರಲಿ ಎಂದು ಕಾಯುತ್ತಿರುವುದು ಸಿಂಕಿನ ಪಾತ್ರೆಗಳು ಮಾತ್ರ.

ಮೂರನೆಯ ಬೆಳಿಗ್ಗೆ ಗೇಟಿನ ಸದ್ದಾಯಿತು. ಬೆನ್ನಿಗೆ ಚೀಲ ಹಾಕಿಕೊಂಡು ಕಲ್ಲಯ್ಯ ನಿಂತಿದ್ದ.

ಅವಳು ಕೂತಲ್ಲಿಂದಲೇ ಹೇಳಿದಳು.

"ನಿಮಗೆ ಬಾರ್ಡರ್ ದಾಟುವ ಕೆಲಸ ಇಲ್ವಲ್ಲ ಈಗ."

"ಇತ್ತು," ಎಂದು ಅವನು ಮೆಟ್ಟಿಲ ಮೇಲೆ, ಅವಳಿಗಿಂತ ಕೆಳಗೆ ಕೂತ. "ಕೌಂಟರಿನಿಂದ ಈಚೆಗೆ ಬರಬೇಕಾಗಿತ್ತು. ತಪ್ಪು ನಂದು, ಜೆನಿಸ್."

ಮೂರು ತಿಂಗಳ ಲೆಕ್ಕ ಹಾಕಿ ಹುಡುಕಿಕೊಂಡು ಬಂದದ್ದು, ಬದರಿನಾಥನ ಮಾತು, ತನ್ನ ನಗು, ಎಲ್ಲವನ್ನೂ ಹೇಳಿದ. ಅವಳಿಲ್ಲದ ಗುರುವಾರಗಳಲ್ಲಿ ಫೋನ್ ಹಿಡಿದು, ಅದು ಅಲ್ಲಿ ಖಾಲಿ ಬೀದಿಗೆ ಬಡಿದುಕೊಳ್ಳುವುದನ್ನು ಮೆಲ್ಬೋರ್ನ್‌ನಿಂದ ಕೇಳುತ್ತ ನಿಂತಿದ್ದೆನೆಂದ. ಖಾಲಿ ಬೀದಿ ಅಲ್ಲ, ನಾನಿದ್ದೆ ಎಂದಳು ಅವಳು. ಇಬ್ಬರೂ ಬಹಳ ಹೊತ್ತು ಅತ್ತರು.

ಆಮೇಲೆ ಅವನು ದಾರಿ ಹೇಳಿದ. ಕೊನೆಯದಾಗಿ ಇದೊಂದು ಸಲ ರಜೆಗೆ ಬಂದವಳು ಎಂದು ಹೇಳಿ ಒಳಗೆ ಬಾ. ಮದುವೆಯಾಗೋಣ. ಮುಂದಿನ ಅರ್ಜಿ ನಾನು ನೋಡಿಕೊಳ್ಳುತ್ತೇನೆ.

ಜೆನಿಸ್ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಅಂಚನ್ನು ಸವರುತ್ತಿದ್ದಳು. ನಿಜ ಹೇಳಿದರೆ ಗಡಿಯ ಅಧಿಕಾರಿಗಳು ಅವಳನ್ನು ಅಲ್ಲಿಂದಲೇ ಊರಿಗೆ ಕಳಿಸಬಹುದು. ಈಗಷ್ಟೇ ಮರಳಿ ಸಿಕ್ಕವನು ಮತ್ತೆ ಕಡಲಾಚೆ ಉಳಿಯಬಹುದು. ಸುಳ್ಳು ಹೇಳಿದರೆ...

"ಮದುವೆ ಆಗುವ," ಎಂದಳು. "ಆದರೆ ನಾನು ರಜೆಯಲ್ಲಿ ಇರ್ಲಿಲ್ಲ ಕಲ್ಲಯ್ಯ. ಒಂದು ದಿವಸ ಕೂಡ. ಅದನ್ನು ಯಾರಾದ್ರೂ ಒಬ್ಬರಿಗೆ ಹೇಳದಿದ್ರೆ, ನಾನು ನಿಮ್ಮ ಮನೆಗೆ ಬಂದ್ರೂ ಬ್ಲ್ಯಾಕ್‌ಟೌನ್‌ನಲ್ಲೇ ಇದ್ದ ಹಾಗೆ."

ಸಿಡ್ನಿಯಲ್ಲಿ ಇಳಿದಾಗ ಸಾಲುಗಳು ಬೇರೆಯಾದವು. ಇಲ್ಲಿ ನೆಲೆಸಿದವರದು ಆ ಕಡೆ, ನೋಡಿ ಹೋಗಲು ಬಂದವರದು ಈ ಕಡೆ. ಕಲ್ಲಯ್ಯನ ಸಾಲು ಬೇಗ ಕರಗಿತು. ಆಚೆಗೆ ಹೋದವನು ತಿರುಗಿ ನಿಂತ.

ಜೆನಿಸ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡಳು. ಬಂದ ಕಾರಣವೇನೆಂದು ಅಧಿಕಾರಿ ಕೇಳಿದಳು. ಬಾಗಿಲಿನ ಆಚೆ ರೊನಾಲ್ಡ್, ಇಡಾ ಕಾರಿನ ಕೀಲಿ ಹಿಡಿದು ಕಾಯುತ್ತಿದ್ದರು. ಅವರು ಕಲಿಸಿದ ವಾಕ್ಯ ನಾಲಿಗೆಯ ತುದಿಗೆ ತಾನಾಗಿಯೇ ಬಂತು. ಅವಳು ಅದನ್ನು ನುಂಗಿದಳು.

ಒಪೆರಾ ಹೌಸ್ ನಾನು ನೋಡಿಲ್ಲ ಎಂದಳು. ತನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ, ತಡವರಿಸುತ್ತ, ಉಳಿದದ್ದನ್ನೂ ಹೇಳಿದಳು. ಅಡುಗೆ. ಬಟ್ಟೆ. ಮಗು. ಬೀರು.

ಅಧಿಕಾರಿ ಪಾಸ್‌ಪೋರ್ಟನ್ನು ಮುಚ್ಚಿ ಬದಿಗಿಟ್ಟಳು. ಅವಳನ್ನು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂರಿಸಿದಳು. ಮಾತಾಡಲು ಬೇರೆಯವರು ಬರುತ್ತಾರೆ, ಹೊತ್ತಾಗಬಹುದು ಎಂದಳು. ಜೆನಿಸಳ ಎದೆಯ ಮೇಲಿಂದ ಯಾರೋ ಎದ್ದು ಹೋದಂತಿತ್ತು.

ಪಕ್ಕದಲ್ಲಿ ಬೆಂಚು ಕಿರುಗುಟ್ಟಿತು. ಕಲ್ಲಯ್ಯ ಚೀಲ ಕೆಳಗಿಟ್ಟು ಕೂತಿದ್ದ.

ಕಾವಲಿನವನು ಬಂದು, ನಿಮ್ಮದು ಮುಗಿದಿದೆ, ಇಲ್ಲಿ ಕೂರುವಂತಿಲ್ಲ, ಹೊರಡಿ ಎಂದ. ಕಲ್ಲಯ್ಯ ಇವಳು ನಾನು ಮದುವೆಯಾಗುವ ಹುಡುಗಿ ಎಂದ. ಅದೆಲ್ಲ ಹೊರಗೆ ಕಾಯುವವರ ಮಾತು ಎಂದು ಕಾವಲಿನವನು ಬಾಗಿಲಿನ ಕಡೆ ಕೈ ತೋರಿಸಿದ.

"ನೀವು ಹೋಗಿ ಮಾರಾಯ್ರೆ," ಜೆನಿಸ್ ಪಿಸುಗುಟ್ಟಿದಳು. "ನಿಮ್ಮ ಪಿಆರ್‌ಗೆ ಎಂತಾದ್ರೂ ಆದೀತು."

"ಸೇತುವೆ ಎಡಕ್ಕ ಕಾಣ್ತೈತಿ," ಎಂದ ಕಲ್ಲಯ್ಯ.

"ಹಾಂ?"

"ಒಪೆರಾ ಹೌಸಿನ ಮುಂದ, ನೀರಿಗೆ ಮುಖ ಮಾಡಿ ನಿಂತ್ರ. ಇಂದಾಗಲಿ, ಇನ್ನೊಂದು ವರ್ಷಕ್ಕಾಗಲಿ, ಇಬ್ಬರೂ ಕೂಡೇ ನೋಡೂಣು."

ಅವಳು ಟೋಪಿಯನ್ನು ಎತ್ತಿ ಅವನ ತಲೆಯ ಮೇಲಿಟ್ಟಳು. ಅದು ಅವನಿಗೆ ಸಣ್ಣದಾಯಿತು.

ಕಾವಲಿನವನು ಈ ಸಲ ದನಿಯೇರಿಸಿ, ಎದ್ದು ಹೊರಡುವಂತೆ ಹೇಳಿದ.

ಕಲ್ಲಯ್ಯ ಜೆನಿಸಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಆ ಕಾವಲಿನವನಿಗೆ ಅರ್ಥವಾಗದ, ಅವಳಿಗೆ ಮಾತ್ರ ಅರ್ಥವಾಗುವ ಭಾಷೆಯಲ್ಲಿ, ಮೆಲ್ಲಗೆ ಹೇಳಿದ:

"ನಾ ಹೋಗಂಗಿಲ್ಲ."