ಪೊಳ್ಳು ಪುಸ್ತಕದೊಳಗಿನ ಕಟ್ಟು

ಬೈಂಡಿಂಗ್ ಅಂಗಡಿಯ ಸೊಸೆ ಬಂದು ಅಕ್ಕತಂಗಿಯರ ಮನೆ ಬಾಗಿಲಲ್ಲಿ ನಿಂತಾಗ ತಂಗಿ ಬೆಳಗಿನ ಪ್ರಾರ್ಥನೆಯ ಪದ್ಯಗಳನ್ನು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ನಡುವೆ ಯಾರು ಬಂದರೂ ನಿಲ್ಲಿಸುವವಳಲ್ಲ ಅವಳು. ಬಂದವಳ ಮುಖ ನೋಡಿದ ಮೇಲೆ ಮಾತ್ರ ನಾಲಿಗೆ ತಾನಾಗಿ ನಿಂತಿತು. ಅತ್ತು ಅತ್ತು ಬತ್ತಿಹೋದ ಕಣ್ಣುಗಳು.

"ಲೈಬ್ರರಿಯಮ್ಮ ಇದ್ದಾರಾ?"

ಲೈಬ್ರರಿಯಮ್ಮ ಎಂದರೆ ತಂಗಿಯ ಅಕ್ಕ. ಗ್ರಂಥಾಲಯದಲ್ಲಿ ಆಯುಷ್ಯ ಸವೆಸಿ ನಿವೃತ್ತಳಾದವಳು. ಕಾಣೆಯಾದ ಪುಸ್ತಕ ಯಾರ ಮನೆಯ ಯಾವ ದಿಂಬಿನ ಕೆಳಗಿದೆ ಎಂದು ಕುಳಿತಲ್ಲೇ ಹೇಳುತ್ತಿದ್ದವಳನ್ನು ಜನ ಬರಬರುತ್ತಾ ಕಾಣೆಯಾದ ಒಡವೆ, ಕಾಣೆಯಾದ ಮನುಷ್ಯರ ಬಗ್ಗೆಯೂ ಕೇಳತೊಡಗಿದ್ದರು. ಗಂಡ ತೀರಿಹೋದ ಮೇಲೆ ಅಕ್ಕನ ಮನೆಗೆ ಬಂದು ನೆಲೆಸಿದ ತಂಗಿ ಇಂಥ ಕೆಲಸಕ್ಕೆಲ್ಲ ಅವಳ ಜೊತೆಗೇ ಹೋಗುತ್ತಿದ್ದಳು. ಬಾಯಿ ಅಕ್ಕನದು, ಕಿವಿ ತಂಗಿಯದು ಎಂದು ಬೀದಿಯವರು ನಗುತ್ತಿದ್ದರು.

ಸೊಸೆ ಅಕ್ಕನ ಮುಂದೆ ಕುಳಿತು ಹೇಳಿದ್ದು ಇಷ್ಟು. ಅವಳ ಅತ್ತೆಗೆ ಹೃದಯದ ಕವಾಟ ಕೆಟ್ಟಿತ್ತು. ವಾರದ ಕೊನೆಯೊಳಗೆ ಮುಂಗಡ ಕಟ್ಟಿದರೆ ಆಪರೇಷನ್, ತಡವಾದರೆ ತಮ್ಮ ಕೈಯಲ್ಲಿಲ್ಲ ಎಂದು ಆಸ್ಪತ್ರೆಯವರು ಕಡ್ಡಿ ಮುರಿದಂತೆ ಹೇಳಿದ್ದರು. ಆದರೂ ಮನೆಯವರು ಹೆದರಿರಲಿಲ್ಲ. ತವರಿನಿಂದ ಬಂದ ಪಾಲನ್ನು ಅತ್ತೆ ಎಷ್ಟೋ ವರ್ಷಗಳ ಹಿಂದೆಯೇ ನೋಟಿನ ಕಟ್ಟು ಮಾಡಿ, ಕಷ್ಟಕಾಲಕ್ಕೆಂದು ಮನೆಯಲ್ಲೇ ಇಟ್ಟಿದ್ದಳು. ಬ್ಯಾಂಕು ಬಾಗಿಲು ಹಾಕಿದ ಹೊತ್ತು ನೋಡಿಕೊಂಡೇ ಕಷ್ಟ ಮನೆಗೆ ಬರುತ್ತದೆ ಎಂಬುದು ಅವಳ ವಾದ. ಹಣ ಇಡಲು ಮಾವ ಒಂದು ಪೊಳ್ಳು ಪುಸ್ತಕ ಮಾಡಿಕೊಟ್ಟಿದ್ದರು. ಹೊರಗೆ ದಪ್ಪ ರಟ್ಟು, ಬೆನ್ನಿನ ಮೇಲೆ ಬಂಗಾರದ ಬಣ್ಣದ ಅಕ್ಷರ. ಒಳಗೆ ಹಾಳೆಗಳ ಬದಲು ಪೆಟ್ಟಿಗೆ. ಗಿರಾಕಿಗಳು ಕಟ್ಟಲು ಕೊಟ್ಟು ಮರೆತುಹೋದ ಪುಸ್ತಕಗಳ ಸಾಲಿನಲ್ಲಿ ಅದೂ ಒಂದಾಗಿ ಕಪಾಟಿನಲ್ಲಿ ನಿಂತಿತ್ತು. ಅತ್ತೆ ಆಗಾಗ ಅದನ್ನು ಇಳಿಸಿ, ಕಟ್ಟನ್ನು ಅಂಗೈಯಲ್ಲಿ ತೂಗಿ ನೋಡಿ, ಹಾಗೇ ಒಳಗಿಡುತ್ತಿದ್ದಳು. ಬಿಚ್ಚುತ್ತಿರಲಿಲ್ಲ. ಬಿಚ್ಚಿದರೆ ಖರ್ಚಿನ ಯೋಚನೆ ಬರುತ್ತದಂತೆ.

ಮೊನ್ನೆ ಬಿಚ್ಚಿದರು. ಮೇಲೊಂದು ನೋಟು, ಕೆಳಗೊಂದು ನೋಟು. ನಡುವೆ ಇದ್ದದ್ದೆಲ್ಲ ನೋಟಿನ ಅಳತೆಗೆ ಕತ್ತರಿಸಿದ ಖಾಲಿ ಹಾಳೆ.

"ಕಪಾಟಿನ ಧೂಳು ಒರೆಸೋಳು ನಾನು. ಹೋದ ತಿಂಗಳು ನನ್ನ ತಮ್ಮ ಹೊಲಿಗೆ ಮಷಿನ್ ತಗೊಂಡ. ಅಷ್ಟೇ ಸಾಕಾಯ್ತು," ಎಂದಳು ಸೊಸೆ. "ಮೊದಲು ನನ್ನ ಹೆಸರು ಹೇಳಿದ್ದು ನನ್ನ ಗಂಡ."

"ನಿಮ್ಮ ಮಾವ ಏನಂದ್ರು?" ಎಂದು ಅಕ್ಕ ಕೇಳಿದಳು.

"ಏನೂ ಅನ್ನಲಿಲ್ಲ. ಆವತ್ತಿಂದ ಅವರು ನನ್ನ ಮುಖ ನೋಡ್ತಿಲ್ಲ ಅಮ್ಮಾ. ದುಡ್ಡು ಸಿಗುತ್ತೋ ಬಿಡುತ್ತೋ ನನಗೆ ಗೊತ್ತಿಲ್ಲ. ಅತ್ತೆ ಕಣ್ಮುಚ್ಚೋದೇ ಆದ್ರೆ, ಈ ಹುಡುಗಿ ನನ್ನ ಕೊಂದಳು ಅಂತ ನಂಬಿಕೊಂಡು ಮುಚ್ಚಬಾರದು. ಅಷ್ಟು ಮಾಡಿಕೊಡಿ."

"ಆಗಲಿ, ಮಾಡಿಕೊಡ್ತೀನಿ," ಎಂದು ಅಕ್ಕ ಚಪ್ಪಲಿ ಮೆಟ್ಟಿದಳು.

ಬೀದಿಗೆ ಅಂಗಡಿ, ಹಿಂದೆ ಮನೆ. ಒಳಗೆ ಕಾಲಿಟ್ಟರೆ ರಟ್ಟು, ಬಟ್ಟೆ, ಅಂಟು ಎಲ್ಲ ಕಲೆತ ವಾಸನೆ. ಮೂಲೆಯಲ್ಲಿ ಸೊಸೆಯ ಮಾವ, ಅಂಗಡಿಯ ಮುದುಕ ಯಜಮಾನರು, ಬಿಡಿ ಹಾಳೆಗಳನ್ನು ಹೊಲಿಯಲೆಂದು ಸೂಜಿಗೆ ನೂಲು ಪೋಣಿಸುತ್ತಿದ್ದರು. ಗ್ರಂಥಾಲಯದ ಪುಸ್ತಕಗಳನ್ನೆಲ್ಲ ಕಟ್ಟಿಕೊಡುತ್ತಿದ್ದವರು ಅವರೇ; ಅಕ್ಕನನ್ನು ಕಂಡರೆ ಎದ್ದು ನಿಂತು ನಾಲ್ಕು ತಮಾಷೆ ಮಾಡುತ್ತಿದ್ದರು. ಈಗ ತಲೆಯೆತ್ತಲಿಲ್ಲ. ಮಾತಾಡಿದ್ದು ಮಗ, ಅದೂ ವ್ಯಂಗ್ಯವಾಗಿ.

"ಇದರಲ್ಲಿ ಪತ್ತೆ ಮಾಡೋಕೆ ಏನಿದೆ ಅಮ್ಮಾ? ನಮ್ಮನೆ ಬೆಕ್ಕಿಗೆ ಓದೋಕೆ ಬರಲ್ಲ, ಅದು ಪುಸ್ತಕ ತೆಗೆದಿರೋಲ್ಲ."

"ಬೆಕ್ಕಿಗಾದ್ರೆ ಬಾಯಿದೆ, ಅನ್ಯಾಯ ಆದ್ರೆ ಕಿರುಚುತ್ತೆ," ಎಂದು ಅಕ್ಕ ಮೇಜಿನ ಮುಂದೆ ಕುಳಿತಳು. "ಹಾಳೆ ತೋರಿಸು."

ಮಗ ಕಟ್ಟನ್ನು ತಂದಿಟ್ಟ. ಅಕ್ಕ ಹಾಳೆಗಳನ್ನು ಇಸ್ಪೀಟಿನ ಎಲೆಯಂತೆ ಹರಡಿದಳು. ಬರೀ ಬಿಳಿ ಎಂದುಕೊಂಡಿದ್ದ ತಂಗಿಗೆ ಈಗ ಬೇರೆ ಬೇರೆ ಬಣ್ಣ ಕಾಣಿಸಿದವು. ಒಂದಷ್ಟು ಹಾಲಿನ ಬಿಳುಪು, ಒಂದಷ್ಟು ಕೆನೆಯ ಹಳದಿ, ಇನ್ನೊಂದಷ್ಟು ಶಾಲೆಯ ನೋಟ್‌ಬುಕ್ಕಿನ ಒರಟು ಕಾಗದ. ಅಕ್ಕ ಅವನ್ನು ಬಣ್ಣಕ್ಕೆ ತಕ್ಕಂತೆ ಗುಂಪು ಮಾಡಿ ತಂಗಿಯ ಮುಂದೆ ತಳ್ಳಿದಳು.

"ನಿನ್ನ ಬೆರಳು ನನ್ನದಕ್ಕಿಂತ ಚುರುಕು. ಕಣ್ಣು ಮುಚ್ಚಿ ಅಂಚು ಸವರು."

ತಂಗಿ ಸವರಿದಳು. ನುಣ್ಣಗಿದ್ದ ಅಂಚಿನಲ್ಲಿ ಒಂದು ಕಡೆ ಉಗುರಿಗೆ ಏನೋ ತೊಡರಿತು. ಕೂದಲೆಳೆಯಷ್ಟು ಹರಕು. ಪ್ರತಿ ಹಾಳೆಯಲ್ಲೂ ಅದೇ ಜಾಗದಲ್ಲಿ. ಹಳದಿ ಹಾಳೆಗಳಲ್ಲಿ ಸಣ್ಣದು, ಒರಟು ಹಾಳೆಗಳಲ್ಲಿ ಸ್ವಲ್ಪ ದೊಡ್ಡದು, ಬಿಳಿಯವುಗಳಲ್ಲಿ ಎದ್ದು ಕಾಣುವಷ್ಟು. ಕಟ್ಟಿಗೆ ಸುತ್ತಿದ್ದ ಪಟ್ಟಿಯನ್ನೂ ಮುಟ್ಟಿ ನೋಡಿದಳು. ಅಂಟು ಹಚ್ಚಿದ ಕಡೆ ಪದರದ ಮೇಲೆ ಪದರ ಗಟ್ಟಿಯಾಗಿ, ನೀಲಿ ಹಸಿರು ಕಲೆ ಹಿಡಿದಿತ್ತು. ಮೈದಾ ಅಂಟಿಗೆ ಹುಳ ಹಿಡಿಯದಿರಲೆಂದು ಬೈಂಡಿಂಗಿನವರು ಹಾಕುವ ಮೈಲುತುತ್ತದ ಬಣ್ಣ ಅದು.

ಮೇಜಿನ ಮೇಲಿದ್ದದ್ದು ಮಾತ್ರ ಡಬ್ಬಿಯ ಬಿಳಿ ಅಂಟು. ಅಕ್ಕ ಅದರ ಬಗ್ಗೆ ಕೇಳಿದಳು. ಹೆಂಡತಿ ಈ ಮನೆಗೆ ಬಂದ ಹೊಸದರಲ್ಲೇ ಜಿರಲೆ ಕಾಟವೆಂದು ಮೈದಾ ಕುದಿಸುವುದನ್ನು ನಿಲ್ಲಿಸಿದಳು ಎಂದು ಮಗ ಹೇಳಿದ. ಕತ್ತರಿಸುವ ಯಂತ್ರದ ಬಗ್ಗೆ ಕೇಳಿದಾಗ ಹೆಮ್ಮೆಯಿಂದ ಒಂದು ದಸ್ತು ಕಾಗದ ಕತ್ತರಿಸಿಯೇ ತೋರಿಸಿದ. ಅಂಚು ಗಾಜಿನಂತಿತ್ತು.

"ಬ್ಲೇಡ್ ಚೆನ್ನಾಗಿದೆ. ಹೊಸದಾ?"

"ನನ್ನ ಮದುವೆಗೆ ಮುಂಚೆ ಹಾಕಿಸಿದ್ದು. ಸಾಣೆ ಹಿಡಿಸಿಕೊಂಡೇ ಓಡಿಸ್ತಿದ್ದೀವಿ. ಹಳೇ ಬ್ಲೇಡಿನ ಬಾಯಿ ಮುಕ್ಕಾಗಿತ್ತು, ಗಿರಾಕಿಗಳು ಬೈದುಬಿಡ್ತಿದ್ರಂತೆ. ನಾನಾಗ ಬೇರೆ ಊರಲ್ಲಿ ಲಾರಿ ಓಡಿಸ್ತಿದ್ದೆ. ಅಪ್ಪ ಒಬ್ಬರೇ ಅಂಗಡೀಲಿ. ಆಳಿಗೆ ಸಹ ಈ ಮಷಿನ್ ಮುಟ್ಟೋಕೆ ಬಿಡ್ತಿರಲಿಲ್ಲ, ಬೆರಳು ಹೋಗುತ್ತೆ ಅಂತ."

ಅಕ್ಕ ಎದ್ದಳು. ಸಂಜೆ ಎಲ್ಲರೂ ಕಾಯಿಲೆಯವಳ ಕೋಣೆಯಲ್ಲಿ ಇರಬೇಕೆಂದಳು. ಯಜಮಾನರು ಇನ್ನೂ ಸೂಜಿಗೆ ನೂಲು ಪೋಣಿಸುತ್ತಲೇ ಇದ್ದರು.

ದಾರಿಯಲ್ಲಿ ತಂಗಿ ಮೆಲ್ಲಗೆ ಕೇಳಿದಳು. "ಗೊತ್ತಾಯ್ತಾ ಅಕ್ಕ?"

"ಆಯ್ತು. ಗೊತ್ತಾಗಿ ಯಾರಿಗೂ ಒಳ್ಳೇದಾಗಲ್ಲ. ಆ ಹುಡುಗಿಗೆ ಮಾತು ಕೊಟ್ಟಾಯ್ತಲ್ಲ."

ಸಂಜೆ ಒಳಕೋಣೆಯಲ್ಲಿ ದಿಂಬಿಗೊರಗಿ ಕುಳಿತಿದ್ದ ಅತ್ತೆಯ ಉಸಿರು ಬಾಗಿಲವರೆಗೂ ಕೇಳುತ್ತಿತ್ತು. ಸೊಸೆ ಹೊಸ್ತಿಲ ಆಚೆಯೇ ನಿಂತಳು. ಯಜಮಾನರು ಮಂಚದ ಕಾಲ ಬಳಿ ನೆಲದ ಮೇಲೆ ಕುಳಿತರು. ಅಕ್ಕ ಹಾಳೆಗಳ ಗುಂಪುಗಳನ್ನು ಹೊದಿಕೆಯ ಮೇಲೆ ಹರಡಿದಳು.

"ಕಳ್ಳ ಆಗಿದ್ರೆ ಒಂದೇ ಸಲ ಬಾಚಿಕೊಂಡು ಹೋಗ್ತಿದ್ದ," ಎಂದು ಶುರುಮಾಡಿದಳು. "ಹಾಳೆ ಇಡಲೇಬೇಕು ಅಂದ್ರೂ ಒಂದೇ ತರದ್ದು ಇಡ್ತಿದ್ದ. ಇಲ್ಲಿ ಮೂರು ತರ ಇದೆ. ಆ ದಿನ ಮಷಿನ್ ಮೇಲೆ ಯಾವ ಕೆಲಸ ಇತ್ತೋ ಅದರ ಕಾಗದ. ಅಂದ್ರೆ ದುಡ್ಡು ಹೋಗಿದ್ದು ಸ್ವಲ್ಪ ಸ್ವಲ್ಪವಾಗಿ. ಪಟ್ಟೀನ ನೋಡಿ, ಎಷ್ಟು ಸಲ ಬಿಚ್ಚಿ ಅಂಟಿಸಿದ್ದಾರೆ ಅಂತ ಅಂಟೇ ಹೇಳುತ್ತೆ. ಅದೂ ಮೈದಾ ಅಂಟು. ಅದು ಈ ಹುಡುಗಿ ಬಂದ ಮೇಲೆ ಈ ಮನೇಲಿ ಕುದ್ದೇ ಇಲ್ಲ."

"ಅಂಟು ಎಲ್ಲಾದ್ರೂ ಸಿಗುತ್ತೆ," ಎಂದ ಮಗ. ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ.

"ಮುಕ್ಕಾದ ಬ್ಲೇಡ್ ಸಿಗುತ್ತಾ? ಪ್ರತಿ ಹಾಳೆಯಲ್ಲೂ ಅದರ ಗುರುತಿದೆ. ಹೋಗ್ತಾ ಹೋಗ್ತಾ ಮುಕ್ಕು ದೊಡ್ಡದಾಗಿದೆ. ಆ ಬ್ಲೇಡ್ ನಿನ್ನ ಮದುವೆಗೆ ಮುಂಚೆ ಗುಜರಿಗೆ ಹೋಯ್ತು. ಇವಳು ಈ ಮನೆ ಹೊಸ್ತಿಲು ದಾಟೋ ಹೊತ್ತಿಗೆ ಈ ಕಟ್ಟು ಬರೀ ಕಾಗದ." ಅಕ್ಕ ಒಂದು ಬಿಳಿ ಹಾಳೆ ಎತ್ತಿ ಹಿಡಿದಳು. "ಇನ್ನೊಂದು. ತೆಗೆದಷ್ಟೂ ಹಾಳೆ ತುಂಬಿಸೋ ಕಷ್ಟ ಯಾಕೆ? ಯಜಮಾನಿ ಅದನ್ನ ಕೈಯಲ್ಲಿ ತೂಗಿ ನೋಡ್ತಾರೆ ಅಂತ ಗೊತ್ತಿದ್ದೋರಿಗೆ ಮಾತ್ರ ಅದು ಬೇಕು. ಆಗ ಮಗ ಊರಲ್ಲಿರಲಿಲ್ಲ. ಮಷಿನ್ ಮುಟ್ಟುತ್ತಿದ್ದದ್ದು ಒಂದೇ ಕೈ. ಹೊಸ ಬ್ಲೇಡಿಂದ ಕತ್ತರಿಸಿದ ಒಂದು ಹಾಳೆಯೂ ಇದರಲ್ಲಿಲ್ಲ. ಕೊನೆಯ ನೋಟುಗಳು ಆ ಹೊಸ ಬ್ಲೇಡ್ ಕೊಳ್ಳೋಕೇ ಹೋದವು. ಅಲ್ವಾ ಯಜಮಾನ್ರೇ?"

ಯಜಮಾನರು ತಮ್ಮ ಅಂಗೈ ನೋಡಿಕೊಂಡರು. ಅವರು ಹೇಳಿದ್ದು ತುಂಡು ತುಂಡಾಗಿ. ಒಮ್ಮೆ ಅಂಗಡಿ ಬಾಡಿಗೆ. ಒಮ್ಮೆ ಮಗ ಲಾರಿ ಗುದ್ದಿಸಿಕೊಂಡಾಗ ಆದ ಖರ್ಚು. ಒಮ್ಮೆ ಕೆಲಸವೇ ಬರದೆ ಅಡುಗೆಮನೆ ತಣ್ಣಗಾದಾಗ. ಪ್ರತಿ ಸಲವೂ ಕಷ್ಟಕಾಲವೆಂದರೆ ಇದೇ ಇರಬೇಕು ಎಂದುಕೊಂಡರಂತೆ.

"ವಾಪಸ್ ತುಂಬಿಸೋಣ ಅಂತ ಒಂದು ನೋಟಿಗೆ ಒಂದು ಹಾಳೆ ಇಟ್ಟೆ. ಲೆಕ್ಕಕ್ಕೆ ಇರಲಿ ಅಂತ," ಎಂದರು. "ಮೊನ್ನೆ ನಾನು ಬಾಯಿ ತೆಗೆಯೋ ಮುಂಚೆ ಇವನು ಅವಳ ಹೆಸರು ಹೇಳಿಬಿಟ್ಟ. ನಾನು ಸುಮ್ಮನಿದ್ದುಬಿಟ್ಟೆ."

ಮಗ ಯಂತ್ರ ಮಾರಿಬಿಡೋಣ ಎಂದ. ಅದನ್ನು ಅಪ್ಪ ಕಾಗದದ ವ್ಯಾಪಾರಿಗೆ ಅಡವಿಟ್ಟು ಬಹಳ ದಿನವಾಯಿತೆಂದು ಅವನಿಗೆ ಗೊತ್ತಾದದ್ದು ಆ ಹೊತ್ತಿಗೇ.

ಅತ್ತೆ ಗಂಡನನ್ನು ಬಯ್ಯಲಿಲ್ಲ. ತಂಗಿ ಅದಕ್ಕಾಗಿ ಕಾದಳು; ಬೈದಿದ್ದರೆ ಆ ಕೋಣೆಯಲ್ಲಿ ಉಸಿರಾಡಲು ಹಗುರವಾಗುತ್ತಿತ್ತು. ಅತ್ತೆ ಅಕ್ಕನ ಕಡೆ ತಿರುಗಿದಳು.

"ಸರಿಯಾಗೇ ಮಾಡಿದ್ರಿ ತಾಯಿ. ಆದ್ರೆ ಯಾರೋ ಕದ್ದಿದ್ದಾರೆ ಅನ್ನೋವರೆಗೂ ದುಡ್ಡು ಎಲ್ಲೋ ಇದೆ ಅನ್ನಿಸ್ತಿತ್ತು. ಸಿಕ್ಕಿದ್ರೂ ಸಿಗಬಹುದು ಅಂತ ರಾತ್ರಿ ಕಣ್ಣು ಮುಚ್ಚುತ್ತಿದ್ದೆ. ಈಗ ಹುಡುಕೋಕೂ ಏನಿಲ್ಲ. ನಾವೇ ಉಂಡಿದ್ದೀವಿ."

ಅಕ್ಕ ತಲೆ ತಗ್ಗಿಸಿ ಹೊದಿಕೆಯ ಮೇಲಿನ ಹಾಳೆಗಳನ್ನು ಒಟ್ಟುಮಾಡತೊಡಗಿದಳು. ಇಷ್ಟು ವರ್ಷಗಳಲ್ಲಿ ಅವಳು ಹಾಗೆ ತಲೆ ತಗ್ಗಿಸಿದ್ದನ್ನು ತಂಗಿ ಕಂಡಿರಲಿಲ್ಲ.

ಸೊಸೆ ಒಳಗೆ ಹೋಗಿ ಬಟ್ಟೆಯ ಚೀಲ ಹಿಡಿದು ಬಂದಳು. ಗಂಡ ಅಡ್ಡ ನಿಂತು, ತಪ್ಪಾಯಿತು, ಇರು ಎಂದ.

"ನನ್ನ ಹೆಸರು ಹೇಳೋ ಮುಂಚೆ ನೀವು ಒಂದು ಉಸಿರು ಸಹ ತಡೀಲಿಲ್ಲ," ಎಂದಳು ಅವಳು. ದನಿ ಏರಿಸಲಿಲ್ಲ. ಅವನೇ ಪಕ್ಕಕ್ಕೆ ಸರಿದ.

ಅವಳು ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಒಳಗಿನಿಂದ ಅತ್ತೆಯ ಕ್ಷೀಣ ದನಿ ಬಂತು.

"ಮಗಳೇ, ಆ ಬಿಳಿ ಮಾತ್ರೆ ಊಟಕ್ಕೆ ಮುಂಚೆಯೋ, ಆಮೇಲೋ?"

ಗಂಡ ತಂದೆಯ ಮುಖ ನೋಡಿದ. ತಂದೆ ನೆಲ ನೋಡಿದರು. ಆ ಮನೆಯಲ್ಲಿ ಅದು ಗೊತ್ತಿದ್ದದ್ದು ಒಬ್ಬಳಿಗೇ. ಸೊಸೆ ಚೀಲವನ್ನು ಬಾಗಿಲಲ್ಲಿಟ್ಟು ಹಿಂತಿರುಗಿದಳು. ಮಂಚದ ಅಂಚಿನಲ್ಲಿ ಕುಳಿತು, ಯಾವುದು ಬೆಳಿಗ್ಗೆ, ಯಾವುದು ಅರ್ಧ ಮುರಿದು ಮಲಗುವ ಮುನ್ನ, ಯಾವುದನ್ನು ನೀರಲ್ಲಿ ಕರಗಿಸಿ ಎಂದು ಗಂಡನಿಗೆ ಒಂದೊಂದಾಗಿ ತೋರಿಸಿದಳು. ಅವನಿಂದ ಮತ್ತೆ ಹೇಳಿಸಿದಳು. ತಪ್ಪಿದಾಗ ತಿದ್ದಿದಳು. ಆಮೇಲೆ ಅತ್ತೆಯ ಹೊದಿಕೆಯನ್ನು ಕಾಲವರೆಗೆ ಎಳೆದು, ಚೀಲ ಎತ್ತಿಕೊಂಡು ಹೋದಳು.

ವಾರದ ಕೊನೆಯವರೆಗೆ ಸಾಲುವಷ್ಟು ಮಾತ್ರೆ ಇದ್ದವು. ಆಮೇಲಿನ ಮಾತ್ರೆಗೆ ಏನು ಮಾಡುವುದು ಎಂದು ಯಾರೂ ಅವಳನ್ನು ಕೇಳಿರಲಿಲ್ಲ.