ಹೊಲಿಗೆ ಕೇಂದ್ರದ ಆರು ಬಾಬಿನ್ ಕೇಸು

ಸೋಮವಾರ ಬೆಳಿಗ್ಗೆ ಏಳೂವರೆಗೆ ಹಿರಿಯೂರಿನ ಬಸ್ಸಿಳಿದು, ಎರಡು ಚೀಲ ಹೊತ್ತುಕೊಂಡು ಗಂಗಕ್ಕ ಮನೆ ಮುಂದೆ ಬಂದಾಗ ಕಾಳಕ್ಕ ಜಗಲಿಯ ಮೇಲೆ ತಲೆ ಮೇಲೆ ಕೈಹೊತ್ತು ಕೂತಿದ್ದಳು. ಹಿಂದೆಯೇ ಬರುತ್ತಿದ್ದ ಏಕಾಂತಮ್ಮನವರನ್ನು ಕಂಡದ್ದೇ ಎದ್ದು ನಿಂತಳು.

"ಅಮ್ಮಾರೆ, ನಂಗೊಂದೂ ತಿಳೀತಿಲ್ಲ. ಬೀಗ ಹಾಕಿದಂಗೇ ಐತೆ, ಮಿಷನ್ನು ನಿಂತಂಗೇ ಅವೆ. ಬಾಬಿನ್ ಕೇಸು ಮಾತ್ರ ಒಂದೂ ಇಲ್ಲ. ಆರಕ್ಕಾರೂ ಹೋಗ್ಯಾವೆ."

ಗಂಗಕ್ಕನ ಕೈಯಿಂದ ಚೀಲ ಜಾರಿತು. ಬಾಬಿನ್ ಕೇಸು ಎಂದರೆ ಕೆಳದಾರದ ಉರುಳೆಯನ್ನು ಹಿಡಿದಿಡುವ ರೂಪಾಯಿ ನಾಣ್ಯದಷ್ಟಗಲದ ಉಕ್ಕಿನ ಗೂಡು. ಅದಿಲ್ಲದಿದ್ದರೆ ಹೊಲಿಗೆ ಯಂತ್ರ ಬರೀ ಕಬ್ಬಿಣ. ಮತ್ತು ಅವತ್ತೇ ಪರೀಕ್ಷೆ. ಹೊಸದುರ್ಗದ ಆ ಕೇಂದ್ರದಲ್ಲಿ ಹನ್ನೆರಡು ಹೆಂಗಸರು ಸರ್ಕಾರದ ಯೋಜನೆಯಡಿ ಒಂದು ವರ್ಷ ಹೊಲಿಗೆ ಕಲಿತಿದ್ದರು. ಯಾರಿಗೂ ಹೊಲವಿರಲಿಲ್ಲ, ಕೆಲವರಿಗೆ ಗಂಡನೂ ಇರಲಿಲ್ಲ. ಪಾಸಾದವರಲ್ಲಿ ಎಂಟು ಜನಕ್ಕೆ ಜಿಲ್ಲಾಕೇಂದ್ರ ದುರ್ಗದ ಸಮವಸ್ತ್ರ ಹೊಲಿಯುವ ಘಟಕದಲ್ಲಿ ಕಾಯಂ ಕೆಲಸ. ಭರಮಸಾಗರದ ಗಂಡನ ಮನೆಯಿಂದ ಉಟ್ಟ ಸೀರೆಯಲ್ಲಿ ಹೊರಬಿದ್ದು, ನಾಲ್ಕು ವರ್ಷದಿಂದ ಏಕಾಂತಮ್ಮನವರ ಆಸರೆಯಲ್ಲಿದ್ದ ಗಂಗಕ್ಕ ಆ ಹನ್ನೆರಡರಲ್ಲಿ ಒಬ್ಬಳು. ಕಾಳಕ್ಕ ಇನ್ನೊಬ್ಬಳು.

"ಅಳಬೇಡ. ಮುಖ ತೊಳ್ಕ, ಹೋಗಾಣ," ಎಂದರು ಏಕಾಂತಮ್ಮ.

ಮೂವತ್ತು ವರ್ಷ ಹಳ್ಳಿಹಳ್ಳಿ ತಿರುಗಿ ಹೆರಿಗೆ ಮಾಡಿಸಿದ ನರ್ಸಮ್ಮ ಆಕೆ. ನಿವೃತ್ತಿಯಾದ ಮೇಲೆ ಊರಿನ ಜನ ಹೆರಿಗೆಗಿಂತ ಹೆಚ್ಚಾಗಿ ಬೇರೆ ತಾಪತ್ರಯಕ್ಕೇ ಅವರ ಬಾಗಿಲು ಬಡಿಯುತ್ತಿದ್ದರು. ಹೊಳಲ್ಕೆರೆಯ ಹಾಸ್ಟೆಲಿನಲ್ಲಿ ಮಾಯವಾದ ಅಂಕಪಟ್ಟಿಯನ್ನು ಪೊಲೀಸರಿಗಿಂತ ಮೊದಲು ಹುಡುಕಿಕೊಟ್ಟವರು ಇವರೇ. ಅದು ಹೇಗೆಂದು ಗಂಗಕ್ಕನಿಗೆ ಇವತ್ತಿಗೂ ಪೂರ್ತಿ ತಿಳಿದಿರಲಿಲ್ಲ.

ಕೇಂದ್ರವಿದ್ದದ್ದು ಪಕ್ಕದ ಮನೆಯಲ್ಲಿ. ಒಳಗೆ ಮೇಲ್ವಿಚಾರಕ ಹನುಮಂತಯ್ಯನವರು ಕೊಡೆ ಹಿಡಿದು ಶತಪಥ ತಿರುಗುತ್ತಿದ್ದರು. ಹೊಲಿಗೆ ಕಲಿಸುವ ಜಯಕ್ಕ ಕಿಟಕಿಗೊರಗಿ ನಿಂತಿದ್ದಳು. ಸಣಕಲು ಮೈ, ಮೂವತ್ತರ ಒಳಗಿನ ವಯಸ್ಸು, ಅವತ್ತು ಯಾಕೋ ತುಟಿಗಳು ಒಣಗಿದ್ದವು.

"ಮೊದ್ಲು ದುರ್ಗಕ್ಕೆ ಫೋನ್ ಮಾಡ್ರಿ ಸಾರ್. ಪರೀಕ್ಷೆ ಮುಂದಕ್ಕೆ ಹಾಕ್ರಿ. ಒಂಬತ್ತಕ್ಕೆ ಬಸ್ಸು ಹೊರಡೋದ್ರೊಳಗೆ ಹೇಳಿದ್ರೆ ಅವರಿಗೂ ಸುಮ್ನೆ ಓಡಾಟ ತಪ್ತದೆ," ಎಂದು ಜಯಕ್ಕ ಅನ್ನುತ್ತಿದ್ದಳು.

"ಬೀರಪ್ಪನ ಅಂಗಡೀಲಿ ಕೇಸು ಸಿಗಲ್ವೇನಮ್ಮ?" ಎಂದರು ಏಕಾಂತಮ್ಮ.

"ಅವನವು ನಮ್ಮ ಮಿಷನ್ನಿಗೆ ಕೂರಲ್ಲ ಅಮ್ಮಾರೆ."

ಏಕಾಂತಮ್ಮ ಒಂದೊಂದೇ ಯಂತ್ರದ ಮುಂದೆ ಬಗ್ಗಿ ನೋಡಿದರು. ಗಂಗಕ್ಕನೂ ಬಗ್ಗಿದಳು. ಶನಿವಾರ ಹುಡುಗಿಯರು ಪರೀಕ್ಷೆಗೆಂದು ಸುತ್ತಿ ಕೇಸಿಗೆ ಹಾಕಿಟ್ಟಿದ್ದ ದಾರದ ಉರುಳೆಗಳು ಈಗ ಹೊರಗೆ, ಆಯಾ ಯಂತ್ರದ ಹಲಗೆಯ ಮೇಲೆ ಇದ್ದವು, ದಾರದ ತುದಿ ಬಿಚ್ಚದಂತೆ ಮಡಿಸಿ ಸಿಕ್ಕಿಸಿತ್ತು. ಸೂಜಿ ಮೇಲೆ, ಬಟ್ಟೆ ಒತ್ತುವ ಪಾದ ಕೆಳಗೆ, ಪಾದದಡಿ ಒಂದೊಂದು ಬಟ್ಟೆಚೂರು. ಕೆಲಸ ಮುಗಿದ ಮೇಲೆ ಯಂತ್ರವನ್ನು ಹಾಗೇ ಬಿಡಬೇಕೆಂದು ಜಯಕ್ಕ ಎಲ್ಲರಿಗೂ ಕಲಿಸಿದ್ದಳು. ಇದರಲ್ಲಿ ನೋಡುವುದೇನಿದೆ ಎಂದು ಗಂಗಕ್ಕನಿಗೆ ಅರ್ಥವಾಗಲಿಲ್ಲ.

"ಕೀಲಿ ಎಷ್ಟು ಅವೆ?"

"ಎರಡೇ," ಎಂದರು ಹನುಮಂತಯ್ಯ. "ಒಂದು ಜಯಕ್ಕನ ಹತ್ರ. ಇನ್ನೊಂದು ಈ ಕಾಳಕ್ಕನ ಹತ್ರ, ಬೆಳಿಗ್ಗೆ ಬಾಗ್ಲು ತೆಗೆದು ಕಸ ಹೊಡೀತಾಳೆ ಅಂತ. ಕಾಲೊನಿಯೋರ ಕೈಗೆ ಕೀಲಿ ಬೇಡ ಅಂತ ಅವತ್ತೇ ಹೇಳಿದ್ದೆ. ಕೇಳಬೇಕಲ್ಲ."

ಕಾಳಕ್ಕ ತಲೆ ತಗ್ಗಿಸಿದಳು. "ಶನಿವಾರ ಸಂಜೆ ಬೀರಪ್ಪಣ್ಣ ಬಂದು ಮಿಷನ್ನಿಗೆ ಎಣ್ಣೆ ಬಿಟ್ಟ. ಅವ್ನು ಹೋದ್ಮೇಲೆ ಕಸ ಹೊಡ್ದು, ಗೋಡೆ ಪಟ ಎಲ್ಲ ಒರೆಸಿ, ಬೀಗ ಹಾಕ್ದೆ. ಇವತ್ತು ಬಂದು ಹೊದಿಕೆ ತೆಗೆದು ನೋಡಿದ್ದು ಅಷ್ಟೇ, ಒಂದನ್ನೂ ಮುಟ್ಟಿಲ್ಲ. ಬರೋ ತಿಂಗ್ಳು ನಂಗೆ ಮೂವತ್ತೈದು ತುಂಬ್ತದೆ ಸಾರ್. ಆಮೇಲೆ ನನ್ನ ಅರ್ಜೀನೇ ನಡೆಯಲ್ಲ. ನಾನ್ಯಾಕೆ ಹಿಂಗೆ ಮಾಡ್ಲಿ?"

"ನೀನು ಭಾನುವಾರ ಬಂದಿದ್ದೇನಮ್ಮ?" ಎಂದು ಏಕಾಂತಮ್ಮ ಜಯಕ್ಕನನ್ನು ಕೇಳಿದರು.

"ಇಲ್ಲ. ಶನಿವಾರ ಕ್ಲಾಸು ಬಿಟ್ಟ ಕೂಡ್ಲೆ ಮನೆಗೆ ಹೋದೋಳು, ಇವತ್ತೇ ಬಂದಿದ್ದು. ಮೈ ಬಿಸಿಯಾಗಿ ಮಲಗಿದ್ದೆ."

ಏಕಾಂತಮ್ಮ ಗೋಡೆ ಕಡೆ ನೋಡಿದರು. ಸುಣ್ಣದ ಗೋಡೆಯಲ್ಲಿ ಒಂದು ಚೌಕ ಮಾತ್ರ ಹೊಸದರಂತೆ ಬೆಳ್ಳಗಿತ್ತು. ಅಲ್ಲಿ ಜಯಕ್ಕನ ಹೊಲಿಗೆ ಪ್ರಮಾಣಪತ್ರ ಕಟ್ಟು ಹಾಕಿಸಿ ತೂಗುಹಾಕಿದ್ದರು. ದಾವಣಗೆರೆಯಲ್ಲಿ ಕಲಿತು ಪಾಸಾದದ್ದು.

"ಅದೋ? ದಾರ ಹರಿದು ಬಿತ್ತು. ಗಾಜು ಹಾಕ್ಸೋಕೆ ಕೊಟ್ಟೀನಿ," ಎಂದಳು ಜಯಕ್ಕ.

ಹನುಮಂತಯ್ಯ ಕೊಡೆ ಬಿಚ್ಚುತ್ತ ಅಂಚೆ ಕಚೇರಿಗೆ ಹೊರಟರು. ಟ್ರಂಕ್ ಕಾಲ್ ಬುಕ್ ಮಾಡಿ ಬಂದು ಪೊಲೀಸರಿಗೆ ಹೇಳುವುದೆಂದು ಕಾಳಕ್ಕನಿಗೆ ಕೇಳುವಂತೆಯೇ ಅಂದರು.

ಏಕಾಂತಮ್ಮ ಗಂಗಕ್ಕನನ್ನು ಕರೆದುಕೊಂಡು ಎದುರಿನ ದರ್ಜಿ ಬೀರಪ್ಪನ ಅಂಗಡಿಗೆ ಹೋದರು. ಗಂಗಕ್ಕನ ಅನುಮಾನವೆಲ್ಲ ಅವನ ಮೇಲೆಯೇ. ಹನ್ನೆರಡು ಹೆಂಗಸರು ಹೊಲಿಗೆ ಕಲಿತರೆ ನನ್ನ ಅಂಗಡಿಗೆ ಬೀಗವೇ ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗಿದ್ದ.

"ಬರ್ರಿ ಅಮ್ಮಾರೆ, ಕುಂತ್ಕಳ್ರಿ," ಎಂದು ಬೀರಪ್ಪ ಸ್ಟೂಲು ಒರೆಸಿದ. ವಿಷಯ ಕೇಳಿ ಅವನ ಮುಖ ಗಂಟಾಯಿತು. "ನಾನು ಬಾಯಿ ಬಡ್ಕೊಂಡಿದ್ದು ಖರೆ. ಆದ್ರೆ ಮಿಷನ್ನು ಕೆಡಿಸೋ ಜಾತಿ ನಂದಲ್ಲ. ಎಣ್ಣೆ ಬಿಟ್ಟು, ಅದು ಇಳೀಲಿ ಅಂತ ಬಟ್ಟೆ ಒತ್ತೋ ಪಾದ ಎತ್ತಿಟ್ಟು ಬಂದೀನಿ. ಕಾಳಕ್ಕ ಎದುರಿಗೇ ಇದ್ಲು."

"ನಿನ್ನ ಹತ್ರ ಬಾಬಿನ್ ಕೇಸು ಐತೇನು?"

"ಎರಡು ಅವೆ. ಒಯ್ರಿ. ದೀಪಾವಳಿ ಹೊತ್ನಾಗೆ ಒಂದು ಸವೆದಿತ್ತು ಅಂತ ಜಯಕ್ಕನೇ ಬಂದು ನನ್ನ ಹತ್ರ ಒಯ್ದಿದ್ಲು. ಸರಿಯಾಗಿ ಕೂತಿತ್ತು."

ವಾಪಸು ಬರುವಾಗ ಗಂಗಕ್ಕನ ತಲೆಯಲ್ಲಿ ಎಲ್ಲ ಗಂಟುಗಂಟಾಯಿತು. ಕೂರುವುದಿಲ್ಲ ಎಂದು ಜಯಕ್ಕ ಯಾಕೆ ಹೇಳಿದಳು? ಗಾಬರಿಯಲ್ಲಿ ಮರೆತಿರಬೇಕು. ಹಾಗಾದರೆ ಕಾಳಕ್ಕನೇ? ಅದನ್ನೂ ಮನಸ್ಸು ಒಪ್ಪಲಿಲ್ಲ. ಯೋಚಿಸುತ್ತ ಹೋದಂತೆ ತನ್ನ ಮೇಲೆ ತನಗೇ ಅನುಮಾನ ಬರುವಂತಾಯಿತು.

"ಶನಿವಾರ ನೀನು ಕ್ಲಾಸಿನಾಗೆ ಇದ್ದೆಯಲ್ಲ. ಏನೇನಾತು, ಒಂದೂ ಬಿಡದಂಗೆ ಹೇಳು," ಎಂದರು ಏಕಾಂತಮ್ಮ.

"ಏನೂ ಆಗ್ಲಿಲ್ಲ ಅಮ್ಮ. ಹನುಮಂತಯ್ಯನೋರು ಕಾಗದ ಓದಿದ್ರು. ಮೊದ್ಲು ಯಾರೋ ಸಾಹೇಬ್ರು ಪರೀಕ್ಷೆಗೆ ಬರ್ತಾರೆ ಅಂತಿತ್ತಲ್ಲ, ಅವರಿಗೆ ಹುಷಾರಿಲ್ವಂತೆ. ಬದ್ಲಿಗೆ ಮರುಳಸಿದ್ದಮ್ಮ ಅಂತ ಬರ್ತಾರಂತೆ. ಹನ್ನೊಂದು ವರ್ಷ ದಾವಣಗೆರೆ ಕೇಂದ್ರದಾಗೆ ಕಲಿಸಿದೋರಂತೆ. ಬಲು ಕಟ್ಟುನಿಟ್ಟು ಅಂತ ನಾವೆಲ್ಲ ಹೆದರಿದ್ವಿ. ಪರೀಕ್ಷೆ ತಡ ಆದ್ರೆ ಮೊದಲಿನ ಸಾಹೇಬ್ರೇ ಬರ್ತಾರಾ ಅಂತ ಜಯಕ್ಕ ಕೇಳಿದ್ರು. ಅಷ್ಟೇ."

ಏಕಾಂತಮ್ಮ ರಸ್ತೆಯ ನಡುವೆಯೇ ನಿಂತರು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಹೆರಿಗೆ ಮನೆಯಿಂದ ಕೆಟ್ಟ ಸುದ್ದಿ ಹೊತ್ತು ಹೊರಬರುವವರ ಹಾಗಿದ್ದರು.

ಹತ್ತು ಗಂಟೆಗೆ ಎಲ್ಲರೂ ಕೇಂದ್ರದಲ್ಲಿ ಸೇರಿದರು. ಹನ್ನೆರಡು ಹೆಂಗಸರು ಚಾಪೆಯ ಮೇಲೆ, ಬೀರಪ್ಪ ಹೊಸ್ತಿಲಲ್ಲಿ. ಹನುಮಂತಯ್ಯ ಬೆವರೊರೆಸುತ್ತ ಬಂದು ಲೈನು ಸಿಗಲಿಲ್ಲ, ಬಸ್ಸು ಹೊರಟೇಬಿಟ್ಟಿರುತ್ತದೆ ಎಂದರು. ಜಯಕ್ಕ ಕಿಟಕಿಯ ಸರಳು ಹಿಡಿದುಕೊಂಡಳು.

ಏಕಾಂತಮ್ಮ ಒಂದು ಯಂತ್ರದ ಪಕ್ಕದಲ್ಲಿ ಕೂತು ಮೆಲ್ಲಗೆ ಶುರುಮಾಡಿದರು.

"ಶನಿವಾರ ಬೀರಪ್ಪ ಪಾದ ಎತ್ತಿಟ್ಟು ಹೋದ. ಇವತ್ತು ನೋಡಿದ್ರೆ ಪಾದ ಕೆಳಗೈತೆ, ಅಡೀಲಿ ಬಟ್ಟೆಚೂರು ಐತೆ. ಅಂದ್ಮೇಲೆ ನಡುವೆ ಯಾರೋ ಕೀಲಿ ತೆಗೆದು ಬಂದಾರೆ. ಬಂದೋರಿಗೆ ಈ ಕೇಂದ್ರದ ಪದ್ಧತಿ ಕೈಗೆ ಅಂಟೈತೆ. ಕದಿಯೋ ಹೊತ್ನಾಗೂ ಅದನ್ನ ಬಿಡೋಕೆ ಆಗಿಲ್ಲ. ಹಂಗಾಗಿ ಬೀರಪ್ಪನ್ನ ಬಿಡಾಣ."

"ಕೀಲಿ ಇದ್ದದ್ದು ಕಾಳಕ್ಕನ ಹತ್ರ," ಎಂದರು ಹನುಮಂತಯ್ಯ.

"ಇನ್ನೊಂದೂ ಐತಲ್ಲ ಸ್ವಾಮಿ. ಕೆಡಿಸ್ಬೇಕು ಅನ್ನೋರು ಸೂಜಿ ಮುರೀತಿದ್ರು, ಬೆಲ್ಟು ಕತ್ತರಿಸ್ತಿದ್ರು. ಇಲ್ಲಿ ಹುಡುಗೀರು ಸುತ್ತಿಟ್ಟ ಉರುಳೆ ಕೇಸಿನಿಂದ ಹೊರಗೆ ತೆಗೆದು, ದಾರ ಸಹ ಸಿಕ್ಕಾಗಬಾರ್ದು ಅಂತ ತುದಿ ಮಡಿಸಿಟ್ಟಾರೆ. ಅಂದ್ರೆ ಪರೀಕ್ಷೆ ಕೆಡೋದು ಬೇಡ, ತಡ ಆದ್ರೆ ಸಾಕು. ತಡ ಆದ್ರೆ ಕಾಳಕ್ಕನ ವಯಸ್ಸು ಮೀರ್ತದೆ. ತಡ ಬೇಕಾಗಿದ್ದು ಬೇರೆಯೋರಿಗೆ. ಬೆಳಿಗ್ಗೆಯಿಂದ ಇಲ್ಲಿ ಕೇಸು ಹುಡುಕಾಣ ಅನ್ನದೆ, ಫೋನ್ ಮಾಡ್ರಿ ಅಂದೋರು ಒಬ್ರೇ. ಬೀರಪ್ಪನ ಕೇಸು ಕೂರಲ್ಲ ಅಂದೋರೂ ಅವರೇ. ದೀಪಾವಳೀಲಿ ಅದನ್ನ ತಂದು ಕೂರಿಸಿದೋರೂ ಅವರೇ."

ಗಂಗಕ್ಕ ತನ್ನ ಬೆರಳು ನೋಡಿಕೊಂಡಳು. ಮೊದಲ ದಿನ ಆ ಬೆರಳು ಹಿಡಿದು ಸೂಜಿಗೆ ದಾರ ಪೋಣಿಸಲು ಕಲಿಸಿದವಳು ಜಯಕ್ಕ.

"ಇನ್ನು ಆ ಗೋಡೆ," ಎಂದರು ಏಕಾಂತಮ್ಮ. "ಶನಿವಾರ ಸಂಜೆ ಕಾಳಕ್ಕ ಪಟ ಎಲ್ಲ ಒರೆಸಿದ್ಲು. ಕಾಳಕ್ಕ, ಆ ಪ್ರಮಾಣಪತ್ರ ಇತ್ತೇನು?"

"ಇತ್ತು ಅಮ್ಮಾರೆ. ಅದನ್ನೇ ಕಡೇಗೆ ಒರೆಸಿದ್ದು."

"ಇವತ್ತು ಬೆಳಿಗ್ಗೆ ಇಲ್ಲ. ಶನಿವಾರ ಮೊದಲೇ ಮನೆಗೆ ಹೋಗಿ, ಭಾನುವಾರ ಮಲಗಿದ್ದೋರು ಅದನ್ನ ಗಾಜಿಗೆ ಯಾವಾಗ ಕೊಟ್ರು? ಭಾನುವಾರ ಬಂದೇ ಒಯ್ದಿರಬೇಕು. ಬರ್ತಿರೋ ಮರುಳಸಿದ್ದಮ್ಮನೋರು ದಾವಣಗೆರೇಲಿ ಕಲಿಸಿದೋರು. ಆ ಪತ್ರವೂ ಅಲ್ಲೀದೇ. ಕಲಿಸಿದ ಗುರು ಬರ್ತಾರೆ ಅಂದ್ರೆ ಯಾರಾದ್ರೂ ಓಡಿಹೋಗಿ ಕಾಲು ಮುಟ್ತಾರೆ. ನೀನು ಹೆದರಿದ್ದೆ ಮಗಳೇ. ಯಾಕಂದ್ರೆ ಅವರು ಕಲಿಸಿದ ಜಯಕ್ಕ ನೀನಲ್ಲ."

ಕಿಟಕಿ ಬಿಟ್ಟು ಬಂದು ಅವಳು ತನ್ನ ಕೈಚೀಲದಿಂದ ಎಣ್ಣೆಬಟ್ಟೆಯ ಗಂಟು ತೆಗೆದು ಯಂತ್ರದ ಮೇಲಿಟ್ಟಳು. ಆರೂ ಕೇಸು, ತುಕ್ಕು ಹಿಡಿಯದಂತೆ ಸುತ್ತಿದ್ದವು.

"ಜಯ ನನ್ನ ಅಕ್ಕ," ಎಂದಳು. "ನಾನು ಹೊನ್ನಕ್ಕ. ಪರೀಕ್ಷೆ ಪಾಸಾಗಿ ತಿಂಗಳಿಗೆ ಕಾಮಾಲೆ ಬಂದು ಹೋಗ್ಬಿಟ್ಲು. ಬದುಕಿದ್ದಾಗ, ಕಲಿತು ಬಂದಿದ್ದನ್ನೆಲ್ಲ ದಿನಾ ರಾತ್ರಿ ನಂಗೆ ಕಲಿಸ್ತಿದ್ಲು. ಅವಳು ಹೋದ್ಮೇಲೆ ಉದ್ಯೋಗ ಕಚೇರಿಯಿಂದ ಅವಳ ಹೆಸರಿಗೆ ಕೆಲಸದ ಕಾಗದ ಬಂತು. ಮನೇಲಿ ಕುಡಿಯೋಕೆ ಗಂಜಿ ಇರಲಿಲ್ಲ. ನೀನೇ ಹೋಗು, ಯಾರಿಗೆ ಗೊತ್ತಾಗ್ತದೆ ಅಂದ್ಲು ಅವ್ವ. ನಾಲ್ಕು ವರ್ಷ ಆತು. ಇವತ್ತು ತಪ್ಪಿಸ್ಕೊಂಡ್ರೆ ಮೊದಲಿನ ಸಾಹೇಬ್ರು ಬರ್ತಾರೆ, ಕೇಸು ಮೂಲೇಲಿ ಸಿಕ್ತು ಅಂತ ಹೇಳಾಣ ಅಂದ್ಕೊಂಡೆ." ಅವಳು ಕಾಳಕ್ಕನ ಕಡೆ ತಿರುಗಿದಳು. "ನಿನ್ನ ಮೇಲೆ ಬರ್ತದೆ ಅಂತ ಯೋಚಿಸ್ಲಿಲ್ಲ. ಬಂದ ಮೇಲೂ ಬಾಯಿ ಬಿಡಲಿಲ್ಲ. ಅದು ದೊಡ್ಡ ತಪ್ಪು."

ಕಾಳಕ್ಕ ಗಂಟು ಬಿಚ್ಚಿ, ಒಂದೊಂದೇ ಕೇಸನ್ನು ಯಂತ್ರಗಳಿಗೆ ಕೂರಿಸುತ್ತ ಹೋದಳು. ಗಂಗಕ್ಕನಿಗೆ ಸಿಟ್ಟು ಬರಬೇಕೋ ಅಳು ಬರಬೇಕೋ ತಿಳಿಯದೆ, ಎದ್ದು ಅವಳಿಗೆ ಕೈಜೋಡಿಸಿದಳು.

ಹನ್ನೊಂದೂವರೆಗೆ ಮರುಳಸಿದ್ದಮ್ಮನವರು ಬಂದರು. ಬಿಳಿ ಸೀರೆ, ದಪ್ಪ ಕನ್ನಡಕ. ಹೊನ್ನಕ್ಕನನ್ನು ಕಂಡು ಅರೆಗಳಿಗೆ ತಡೆದು ನಿಂತರು. "ನೀನು ಜಯನ ತಂಗಿಯಲ್ವಾ? ಅದೇ ಹುಬ್ಬು. ಅವಳೆಲ್ಲಿ?" ಎಂದರು. ಹೊನ್ನಕ್ಕ ಎಲ್ಲವನ್ನೂ ಹೇಳಿದಳು, ಏನನ್ನೂ ಮುಚ್ಚಲಿಲ್ಲ. ಕೇಳುತ್ತ ಕೇಳುತ್ತ ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಕೆಲಸ ಉಳಿಯೋದಿಲ್ಲಮ್ಮ. ನಾನು ಬರೀಲೇಬೇಕು," ಎಂದರು ಕೊನೆಗೆ.

"ರಾಜೀನಾಮೆ ಬರೆದಿಟ್ಟೀನಿ ಮೇಡಂ."

ಏಕಾಂತಮ್ಮ ನಡುವೆ ಬಾಯಿ ಹಾಕಿದರು. "ಈಕೆ ಖಾಸಗಿಯಾಗಿ ಪರೀಕ್ಷೆ ಕಟ್ಟೋಕೆ ಅವಕಾಶ ಐತೇನ್ರಿ?"

ಮರುಳಸಿದ್ದಮ್ಮ ಹನುಮಂತಯ್ಯನವರ ಮುಖ ನೋಡಿದರು. ಹನುಮಂತಯ್ಯನವರಿಗೆ ಬೆಳಿಗ್ಗೆ ಕಾಳಕ್ಕನ ಮೇಲೆ ಆಡಿದ ಮಾತು ಇನ್ನೂ ಚುಚ್ಚುತ್ತಿತ್ತೇನೋ, ತಡಮಾಡದೆ ಜೇಬಿನಿಂದ ಪೆನ್ನು ತೆಗೆದುಕೊಟ್ಟರು. ಪಟ್ಟಿಯ ಕೆಳಗೆ ಹದಿಮೂರನೇ ಹೆಸರು ಸೇರಿತು.

ಹೆಂಗಸರು ಸಾಲಾಗಿ ಕೂತರು. ಮರುಳಸಿದ್ದಮ್ಮನವರು ಹಾಜರಿ ಕೂಗಿದರು. ಕಾಳಕ್ಕ ಗಟ್ಟಿಯಾಗಿ ಓಗೊಟ್ಟಳು, ಗಂಗಕ್ಕ ಮೆಲ್ಲಗೆ. ಕೊನೆಗೆ, "ಹೊನ್ನಕ್ಕ" ಎಂದರು. ಯಾರೂ ಮಾತಾಡಲಿಲ್ಲ. ಇನ್ನೊಮ್ಮೆ ಕರೆದರು. ಅವಳು ಮಡಿಲಲ್ಲಿದ್ದ ಬಟ್ಟೆ ನೋಡುತ್ತ ಕೂತೇ ಇದ್ದಳು. ಆ ಹೆಸರಿಗೆ ಅವಳು ಓಗೊಟ್ಟು ನಾಲ್ಕು ವರ್ಷವಾಗಿತ್ತು.

ಪಕ್ಕದಲ್ಲಿದ್ದ ಕಾಳಕ್ಕ ಮೊಣಕೈಯಿಂದ ಮೆಲ್ಲಗೆ ತಿವಿದಳು.

"ನಿಮ್ಮನ್ನೇ ಅಕ್ಕ, ಕರೀತಿರೋದು."

ಅವಳು ತಲೆಯೆತ್ತಿದಳು. "ಹಾಜರ್," ಎಂದಳು.